ಪತ್ತನಾಜೆ ಟೂರು

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿದ್ದ ಸಂಜೆಯೇ ಮಣಿಪಾಲದ ಮನೆಮನೆಯಲ್ಲೂ ಒಂದು ಘೋಷಣೆ ಹೊರಡುತ್ತದೆ: “ಈ ಸಲ ಎಲ್ಲಿಗಾದರೂ ಹೋಗುವ.” ನಮ್ಮ ಕಡೆಯ ಈ ‘ಹೋಗುವ’ ಎಂಬುದು ಸರಕಾರದ ಶಂಕುಸ್ಥಾಪನೆ ಇದ್ದ ಹಾಗೆ. ಕಲ್ಲು ಬಿದ್ದಿರುತ್ತದೆ, ಕಟ್ಟಡ ಏಳುವುದಿಲ್ಲ. ಏಳುವುದಾದರೂ ಹೇಗೆ ಮಾರಾಯ್ರೆ? ಏಪ್ರಿಲ್, ಮೇ ಎಂದರೆ ಕರಾವಳಿಯಲ್ಲಿ ಊಟದ ತಿಂಗಳು. ಒಂದು ಕಡೆ ಮದುವೆ, ಇನ್ನೊಂದು ಕಡೆ ಉಪನಯನ, ಮತ್ತೊಂದು ಕಡೆ ಬ್ರಹ್ಮಕಲಶ, ರಾತ್ರಿಗೆ ಕೋಲ ಅಥವಾ ಯಕ್ಷಗಾನದ ಆಟ. ಬಿಡುವಾದ ದಿನ ಹಲಸಿನಕಾಯಿ ಹಪ್ಪಳ. ಅಂಗಳದ ಚಾಪೆಯ ಮೇಲೆ ಹಪ್ಪಳ ಒಣಗಲು ಹಾಕಿದ ಮೇಲೆ ಮನೆಯವರು ಎಲ್ಲಿಗೂ ಹೋಗುವಂತಿಲ್ಲ. ಕಾಗೆ ಉಂಟು, ಆಕಳು ಉಂಟು, ನಾಲ್ಕು ಗಂಟೆಗೆ ಘಟ್ಟದ ಕಡೆಯಿಂದ ಗುಡುಗೂ ಉಂಟು.

ಹೀಗೆ ದಿನ ಹೋಗಿ ಹೋಗಿ, ಸಮವಸ್ತ್ರ ಹೊಲಿಯುವ ಟೈಲರಣ್ಣನ ಫೋನು ಬಂದಾಗ ಮಕ್ಕಳ ಮುಖ ಬಾಡುತ್ತದೆ. ಆಗ ಅಪ್ಪನಿಗೆ ಏಪ್ರಿಲಿನ ಘೋಷಣೆ ನೆನಪಾಗುತ್ತದೆ. ಕ್ಯಾಲೆಂಡರಿನಲ್ಲಿ ನೋಡಿದರೆ ಪತ್ತನಾಜೆ ಎದುರಿಗೇ ನಿಂತಿದೆ.

ಪತ್ತನಾಜೆ ಎಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಹೆಚ್ಚುಕಡಿಮೆ ಮೇ 24-25. ಅಂದಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲ-ನೇಮಗಳು ನಿಲ್ಲುತ್ತವೆ, ದೈವಗಳಿಗೂ ರಜೆ. ಊರೆಲ್ಲ ಗಂಟುಮೂಟೆ ಕಟ್ಟಿ ಒಳಗೆ ಸೇರುವ ಹೊತ್ತಿಗೆ ಸರಿಯಾಗಿ ನಮ್ಮ ಸಂಸಾರಗಳು ಗಂಟುಮೂಟೆ ಕಟ್ಟಿ ಹೊರಗೆ ಹೊರಡುತ್ತವೆ. ಮಳೆಗೂ ಇದು ಗೊತ್ತು. 2025ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಮೇ 24ಕ್ಕೆ, ವಾಡಿಕೆಗಿಂತ ಒಂದು ವಾರ ಮೊದಲು. ಆ ವರ್ಷ ಟೂರಿಗೆಂದು ಕೊಂಡ ಹೊಸ ಟೊಪ್ಪಿಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದವು, ಕೊಡೆಗಳು ಮಾತ್ರ ಊರು ಸುತ್ತಿದವು.

ಹೋಗುವುದೆಲ್ಲಿಗೆ ಎಂಬ ಚರ್ಚೆ ಶುರುವಾದರೆ ಮಕ್ಕಳ ಬಾಯಲ್ಲಿ ಮೊದಲ ಹೆಸರು ಸೈಂಟ್ ಮೇರೀಸ್ ದ್ವೀಪ. ಮಲ್ಪೆಯಿಂದ ದೋಣಿ, ಅಲ್ಲಿ ಮಡಗಾಸ್ಕರಿನೊಂದಿಗೆ ನಮ್ಮ ನೆಲ ಅಂಟಿಕೊಂಡಿದ್ದ ಕಾಲದ ಕಂಬಕಂಬದ ಕಲ್ಲು. ಕೋಟಿಗಟ್ಟಲೆ ವರ್ಷದಿಂದ ಅಲ್ಲಾಡದೆ ನಿಂತ ಆ ಕಲ್ಲುಗಳನ್ನು ನೋಡಲು ನಮಗೆ ಪುರುಸೊತ್ತಾಗುವುದು ದೋಣಿ ನಿಲ್ಲಿಸಿದ ಮೇಲೆಯೇ. ಮಳೆಗಾಲ ಹತ್ತಿರವಾಗಿ ಕಡಲು ಏರತೊಡಗಿದರೆ ದ್ವೀಪಕ್ಕೆ ಯಾರನ್ನೂ ಬಿಡುವುದಿಲ್ಲ. ಮೇ ತಿಂಗಳ ಕಡಲು ಯಾರ ಮುಲಾಜನ್ನೂ ಇಟ್ಟುಕೊಂಡದ್ದಿಲ್ಲ. 2022ರ ಮೇ ತಿಂಗಳಲ್ಲಿ ಮಲ್ಪೆಯಲ್ಲಿ ತೇಲುವ ಸೇತುವೆ ಉದ್ಘಾಟನೆಯಾಯಿತು. ಅದರ ಮೇಲೆ ಸೆಲ್ಫಿ ತೆಗೆಯುವ ಎಂದು ಜನ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ, ಕೆಲವೇ ದಿನಕ್ಕೆ, ತೆರೆಗಳು ಅದನ್ನು ತುಂಡುತುಂಡು ಮಾಡಿ ಹಾಕಿದವು.

ಹಾಗಾದರೆ ಮಣಿಪಾಲದಲ್ಲೇ ನೋಡುವಂಥದ್ದು ಇಲ್ಲವೆ? ಉಂಟು, ಧಾರಾಳ ಉಂಟು. ಆದರೆ ಅದೆಲ್ಲ ನೆಂಟರಿಗೆ ಮೀಸಲು. ಬೆಂಗಳೂರಿನ ಭಾವ ಬಂದರೆ ಮಾತ್ರ ನಾವು ಎಂಡ್ ಪಾಯಿಂಟಿಗೆ ಹೋಗಿ ಕೆಳಗೆ ಹರಿಯುವ ಸ್ವರ್ಣಾ ನದಿಯನ್ನು ಸ್ವಂತ ಜಾಗದ ಹಾಗೆ ತೋರಿಸುವುದು. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಅಂಗರಚನಾ ಮ್ಯೂಸಿಯಮ್ಮಿನಲ್ಲಿ ಆನೆಯ ಅಸ್ಥಿಪಂಜರ ನಿಂತಿದೆ. ಅದನ್ನು ನೋಡಲು ದೂರದೂರದ ಶಾಲೆಗಳಿಂದ ಬಸ್ಸು ಮಾಡಿ ಬರುತ್ತಾರೆ, ಅಲ್ಲೇ ಹಿಂದಿನ ಬೀದಿಯಲ್ಲಿರುವ ಹುಡುಗ ಹತ್ತನೇ ಕ್ಲಾಸು ಮುಗಿಸಿದರೂ ಒಳಗೆ ಕಾಲಿಟ್ಟಿರುವುದಿಲ್ಲ. ಹಸ್ತಶಿಲ್ಪದ ಕತೆಯೂ ಅಷ್ಟೆ. ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ವಿಜಯನಾಥ ಶೆಣೈಯವರು, ಜನ ಮುರಿದು ಮಾರುತ್ತಿದ್ದ ಹಳೇ ಮನೆಗಳನ್ನು ಹಲಗೆ ಹಲಗೆಯಾಗಿ ಬಿಚ್ಚಿ ತಂದು ಮತ್ತೆ ಎಬ್ಬಿಸಿ ನಿಲ್ಲಿಸಿದ ಜಾಗ. ಅಪರೂಪದ ಕೆಲಸ, ಎರಡು ಮಾತಿಲ್ಲ. ಆದರೆ ಗಂಡ-ಹೆಂಡತಿ ಒಟ್ಟಿಗೆ ಹೋಗುವ ಜಾಗ ಅಲ್ಲ. ಪ್ರತಿಯೊಂದು ಕಂಬದ ಎದುರೂ ಹೆಂಡತಿ ನಿಲ್ಲುತ್ತಾಳೆ: “ನಮ್ಮಲ್ಲೂ ಹೀಗೇ ಬೋಗಿ ಮರದ ಪೆಟ್ಟಿಗೆ ಇತ್ತು. ನಿಮ್ಮ ಅಪ್ಪಯ್ಯ ಗುಜರಿಗೆ ಕೊಟ್ಟು ಪ್ಲಾಸ್ಟಿಕ್ ಕುರ್ಚಿ ತಂದರು.” ಮುಂದಿನ ಅಂಕಣಕ್ಕೆ ಹೋಗುವುದರೊಳಗೆ ಯಜಮಾನರಿಗೆ ಬಾಯಾರಿಕೆಯಾಗುತ್ತದೆ.

ಕೊನೆಗೆ ತೀರ್ಮಾನವಾಗುವುದು ಕಾರ್ಕಳ-ಕಾಪು. ಬೆಳಿಗ್ಗೆ ಬೆಟ್ಟ, ಸಂಜೆ ಕಡಲು. ಅಜ್ಜಿಗೆ ಕಾಪುವಿನಲ್ಲಿ ಮಾರಿಯಮ್ಮ, ಅಪ್ಪನಿಗೆ ಇತಿಹಾಸ, ಮಕ್ಕಳಿಗೆ ನೀರು, ಅಮ್ಮನಿಗೆ ಒಂದು ದಿನ ಅಡುಗೆ ಇಲ್ಲ. ಇದರಲ್ಲಿ ಕೊನೆಯದು ಬರೀ ಮಾತಿಗೆ. ಬೆಳಗಿನ ಜಾವ ಎದ್ದು ಬನ್ಸ್ ಕರಿದು, ಚಿತ್ರಾನ್ನ ಕಟ್ಟಿ, ಉಪ್ಪಿನಕಾಯಿ ಸೋರದ ಹಾಗೆ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಬಿಗಿದು, ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ, ಅದನ್ನು ಮತ್ತೊಂದು ಚೀಲದಲ್ಲಿಟ್ಟು ಕಾಲಡಿಗೆ ಇಟ್ಟುಕೊಂಡವಳು ಅವಳೇ. ಹಿರಿಯಡಕ ದಾಟುವುದರೊಳಗೆ ಬನ್ಸ್ ಖಾಲಿ. ಉಪ್ಪಿನಕಾಯಿ ಬೈಲೂರಿನಲ್ಲಿ ಸೋರುತ್ತದೆ.

ಆರು ಗಂಟೆಗೆ ಹೊರಡುವುದೆಂದು ನಿಶ್ಚಯಿಸಿದ ಗಾಡಿ ಒಂಬತ್ತೂವರೆಗೆ ಹೊರಟರೆ ಕಾರ್ಕಳದ ಬೆಟ್ಟ ಹತ್ತುವುದು ನಡುಮಧ್ಯಾಹ್ನಕ್ಕೆ. ಕರಿ ಬಂಡೆ, ಮೇ ತಿಂಗಳ ಬಿಸಿಲು, ಬರಿಗಾಲು. ಬಂಡೆ ಮುಟ್ಟಿದ ಕ್ಷಣಕ್ಕೆ ಜೊತೆಗೆ ಹೊರಟ ಭಾವ ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತ ಥೇಟು ಬಡಗುತಿಟ್ಟಿನ ಪುಂಡುವೇಷದ ಪ್ರವೇಶ ತೋರಿಸುತ್ತಾರೆ. ಎಂಬತ್ತರ ಅಜ್ಜಿ ಮಾತ್ರ ಕಾಯಿಸಿದ ಕಾವಲಿಯ ಎದುರೇ ಬಾಳು ಕಳೆದವರು, ನೆಟ್ಟಗೆ ನಡೆದುಹೋಗಿ ಬಾಹುಬಲಿಯ ನೆರಳಿನಲ್ಲಿ ನಿಂತು, “ಎಂತ, ಇನ್ನೂ ಅಲ್ಲೇ?” ಎನ್ನುತ್ತಾರೆ.

1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಈ ಏಕಶಿಲೆ, ರಾಜ್ಯದಲ್ಲಿ ಶ್ರವಣಬೆಳಗೊಳದ ನಂತರ ಎತ್ತರದಲ್ಲಿ ಎರಡನೆಯದು. ಧರ್ಮಸ್ಥಳದಲ್ಲಿರುವ 39 ಅಡಿಯ ಬಾಹುಬಲಿಯೂ ಕಾರ್ಕಳದವನೇ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಇಲ್ಲಿ ಕಡೆದದ್ದನ್ನು ಎಪ್ಪತ್ತರ ದಶಕದಲ್ಲಿ ಗಾಡಿಯೇರಿಸಿ ಅಲ್ಲಿಗೆ ಸಾಗಿಸಿದರು. 39 ಅಡಿಯ ಕಲ್ಲು ಪ್ರಯಾಣ ಹೊರಟು ಮುಟ್ಟಿತು, ಒಂದು ಸಂಸಾರಕ್ಕೆ ಮಣಿಪಾಲ ಬಿಡುವುದು ಇಷ್ಟು ಕಷ್ಟ!

ಎದುರಿಗಿನ ದಿಣ್ಣೆಯ ಮೇಲೆ ಚತುರ್ಮುಖ ಬಸದಿ, 1586ರದ್ದು. ನಾಲ್ಕೂ ದಿಕ್ಕಿಗೆ ಬಾಗಿಲು, ನಾಲ್ಕೂ ಕಡೆ ಒಂದೇ ಥರದ ಕಂಬಸಾಲು. ಶಿಲ್ಪಿಯ ಜಾಣತನಕ್ಕೆ ಕೈಮುಗಿಯಬೇಕು, ಆದರೆ ಅವನು ಚಪ್ಪಲಿಯ ವಿಚಾರ ಯೋಚಿಸಿಲ್ಲ. ಸುತ್ತು ಹಾಕಿ ಹೊರಬಂದ ಮೇಲೆ ಯಾವ ಬಾಗಿಲಲ್ಲಿ ಬಿಟ್ಟದ್ದು ಎಂದು ಮನೆಮಂದಿ ನಾಲ್ಕು ದಿಕ್ಕಿಗೆ ಹಂಚಿಹೋಗುತ್ತಾರೆ. ಮಕ್ಕಳನ್ನು ಕೇಳಿ ನೋಡಿ, ಇಡೀ ದಿನದಲ್ಲಿ ಅವರಿಗೆ ಅತಿ ಖುಷಿ ಕೊಟ್ಟ ಆಟ ಅದೇ.

ಅಲ್ಲಿಂದ ಬೆಳ್ಮಣ್ಣು ದಾರಿಯಲ್ಲಿ ಪಡುಬಿದ್ರಿ. ನಡುವೆ ನಿಟ್ಟೆ ಬರುತ್ತದೆ, ಅದೇ ಕಷ್ಟ. ಇಂಜಿನಿಯರಿಂಗ್ ಕಾಲೇಜಿನ ಗೇಟು ಕಂಡದ್ದೇ ಅಪ್ಪನಿಗೆ ಮಗನ ಗಣಿತದ ಅಂಕ ನೆನಪಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಯಾವ ದಾರಿಯಲ್ಲಿ ಟೂರು ಹೊರಟರೂ ಒಂದು ಕಾಲೇಜು ಅಡ್ಡ ಬರುತ್ತದೆ. ಪಡುಬಿದ್ರಿಯಲ್ಲಿ ಬ್ಲೂ ಫ್ಲ್ಯಾಗ್ ಬೀಚ್ ಉಂಟು, 2020ರಲ್ಲಿ ಸಿಕ್ಕಿದ ಮಾನ್ಯತೆ, ಮಕ್ಕಳಿರುವವರಿಗೆ ಒಳ್ಳೆಯ ಜಾಗ. ಆದರೆ ಹಿಂದಿನ ಸೀಟಿನಲ್ಲಿ ಗಣಿತದ ಜಗಳ ಮುಗಿಯದೆ ಗಾಡಿ ಸೀದಾ ಕಾಪುವಿಗೇ ಹೋಗಿ ನಿಂತಿತು ಎನ್ನಿ.

ಕಾಪುವಿನ ದೀಪಸ್ತಂಭ 1901ರದ್ದು, ಕಡಲಂಚಿನ ಬಂಡೆಯ ಮೇಲೆ ನಿಂತದ್ದು. ಮೇಲೆ ಹತ್ತಲು ಬಿಡುವುದು ಸಂಜೆ ಹೊತ್ತಿಗೆ. ಸುರುಳಿ ಮೆಟ್ಟಿಲು ಏರಿ ಹೊರಬಂದರೆ ಒಂದು ಕಡೆ ತೆಂಗಿನ ತೋಟದ ಹಸಿರು, ಇನ್ನೊಂದು ಕಡೆ ಕೆಂಪು ಕಲಸಿದ ಕಡಲು. ಗಾಳಿಗೆ ಭಾವನ ಟೊಪ್ಪಿ ಲಕ್ಷದ್ವೀಪದ ಕಡೆ ಹೊರಡುತ್ತದೆ. ಕೆಳಗೆ ಚರುಮುರಿಯವನ ಎದುರು ಅಜ್ಜಿ, “ಖಾರ ಹಾಕು ಮಾರಾಯ, ಹೆದರಬೇಡ” ಎನ್ನುತ್ತಿರುತ್ತಾರೆ. ನನ್ನನ್ನು ಕೇಳಿದರೆ, ಇಡೀ ಟೂರಿನಲ್ಲಿ ಮಾಡಬೇಕಾದ್ದು ಇದೊಂದೇ, ಉಳಿದದ್ದೆಲ್ಲ ಗಾಡಿಯ ಬಾಡಿಗೆ ವಸೂಲಿಗೆ.

ಹಿಂದೆ ಬರುವಾಗ ಉಡುಪಿಯಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನದಿದ್ದರೆ ಮಕ್ಕಳು ಟೂರನ್ನು ಮಾನ್ಯ ಮಾಡುವುದಿಲ್ಲ. ಗಡ್‌ಬಡ್ ಹುಟ್ಟಿದ್ದು ನಮ್ಮ ಡಯಾನಾ ಹೋಟೆಲಿನಲ್ಲಿ ಎಂದು ಉಡುಪಿಯವರ ಹಠ, ಮಂಗಳೂರಿನವರು ಅದನ್ನು ಒಪ್ಪಿದ್ದು ನಾನಂತೂ ಕಂಡಿಲ್ಲ. ಉದ್ದದ ಗಾಜಿನ ಗ್ಲಾಸಿನ ತಳದಲ್ಲಿ ಉಳಿದ ಜೆಲ್ಲಿಗೆ ಚಮಚ ಮುಟ್ಟದೆ ಭಾವ ಗ್ಲಾಸನ್ನೇ ಬಾಯಿಗೆ ಮಗುಚಿಕೊಳ್ಳುತ್ತಾರೆ. ಅಷ್ಟರಲ್ಲಿ ಹೊರಗೆ ಮೊದಲ ಹನಿ.

ಇಷ್ಟು ಕೇಳಿಯೂ ಹೊರಡುವವರಿಗೆ ಒಂದೆರಡು ಮಾತು. ಕಾರ್ಕಳದ ಬೆಟ್ಟಕ್ಕಾದರೆ ಬಂಡೆ ಕಾಯುವ ಮೊದಲು, ಎಂಟು ಗಂಟೆಯೊಳಗೆ ಮುಟ್ಟಿ. ಬಸದಿಯಲ್ಲಿ ಚಪ್ಪಲಿ ಬಿಟ್ಟ ಬಾಗಿಲು ಯಾವುದೆಂದು ಅಜ್ಜಿಗೆ ಹೇಳಿಡಿ. ಕಡಲಿಗೆ ಮಕ್ಕಳನ್ನು ಮೊಣಕಾಲಿನಿಂದ ಆಚೆಗೆ ಬಿಡಬೇಡಿ, ಕಾವಲಿನವರು ಸೀಟಿ ಊದಿದರೆ ಅವರೊಡನೆ ಚರ್ಚೆಗೆ ನಿಲ್ಲಬೇಡಿ. ಬರುವಾಗ ಮೀನು ತರುವವರಿದ್ದರೆ ಮೇ ಮುಗಿಯುವುದರೊಳಗೆ ತಂದುಬಿಡಿ: ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆಯ ಟ್ರಾಲ್ ಬೋಟುಗಳು ಕಡಲಿಗಿಳಿಯುವುದಿಲ್ಲ.