ಗಗನಚುಕ್ಕಿ ಪ್ರಮೇಯ: ವಿದ್ಯಾರ್ಥಿ ಅನಿಮೇಷನ್ ಚಿತ್ರಗಳ ಪ್ರದರ್ಶನಕ್ಕೊಂದು ಜಲವಿದ್ಯುತ್ ಮೀಮಾಂಸೆ

ವಿದ್ಯಾರ್ಥಿಗಳ ಅನಿಮೇಷನ್ ಕಿರುಚಿತ್ರಗಳನ್ನು ಚಿತ್ರೋತ್ಸವದಲ್ಲಿ ಎಲ್ಲಿ, ಎಷ್ಟು ಹೊತ್ತು ತೋರಿಸಬೇಕೆಂಬ ಬಗ್ಗೆ ಶಾಸ್ತ್ರಕಾರರು ಇದುವರೆಗೆ ಬಾಯಿ ಬಿಟ್ಟಿಲ್ಲ. ಕಾರಣ ಸರಳ: ಆ ಚಿತ್ರಗಳು ತೆರೆಗೆ ಬರುವ ಹೊತ್ತಿಗೆ ಅವರು ಊಟಕ್ಕೆ ಎದ್ದಿರುತ್ತಾರೆ. ಈ ಕೊರತೆ ನೀಗಲೆಂದು ಪ್ರಸ್ತುತ ಪ್ರಬಂಧವು ಒಂದೇ ಪ್ರಮೇಯವನ್ನು ಮುಂದಿಡುತ್ತದೆ: ಇಂಥ ಉತ್ಸವಕ್ಕೆ ಜಗತ್ತಿನಲ್ಲಿ ಯೋಗ್ಯ ಸ್ಥಳ ಒಂದೇ, ಅದು ಮಳವಳ್ಳಿ ತಾಲ್ಲೂಕಿನಲ್ಲಿ ಗಗನಚುಕ್ಕಿ ಜಲಪಾತ ಧುಮುಕುವ ಶಿವನಸಮುದ್ರ. ಫ್ರಾನ್ಸಿನ ಆನ್ಸಿಯಲ್ಲಿ 1960ರಲ್ಲೇ ಅನಿಮೇಷನ್ ಉತ್ಸವ ಶುರುವಾಯಿತು, ವಿದ್ಯಾರ್ಥಿಗಳಿಗೆ ಅಲ್ಲಿ ಪ್ರತ್ಯೇಕ ಸ್ಪರ್ಧೆಯೂ ಇದೆ, ನಿಜ. ಆದರೆ ಆನ್ಸಿಯಲ್ಲಿರುವುದು ಸರೋವರ. ಚಲನೆಯೇ ಜೀವಾಳವಾದ ಕಲೆಗೆ ನಿಂತ ನೀರಿನ ದಡದಲ್ಲಿ ಹಾರ ಹಾಕುವುದು ಶಾಸ್ತ್ರಸಮ್ಮತವಲ್ಲ.

ಮೊದಲು ಕ್ಷೇತ್ರಪ್ರಮಾಣ. ಅನಿಮೇಷನ್ ಕಲಿಯುವವರು ಚಲನೆಯ ಮುಖ್ಯ ಭಂಗಿಗಳನ್ನು ಮೊದಲು ಬರೆಯುತ್ತಾರೆ, ಅವು ಕೀ ಫ್ರೇಮ್. ನಡುವೆ ತುಂಬುವುದೆಲ್ಲ ಇನ್‌ಬಿಟ್ವೀನ್. ಕಾವೇರಿ ಈ ಪಾಠವನ್ನು ಎಂದೋ ಒಪ್ಪಿಸಿದ್ದಾಳೆ: ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ಶ್ರೀರಂಗದಲ್ಲಿ ಅಂತ್ಯರಂಗ, ನಡುವೆಲ್ಲ ನೀರು. ಮೂರೂ ಕಡೆ ರಂಗನಾಥಸ್ವಾಮಿ ಮಲಗಿಯೇ ಇದ್ದಾನಲ್ಲ, ಚಲನೆ ಎಲ್ಲಿ ಎಂದು ಆಕ್ಷೇಪಿಸುವವರು ವಿದ್ಯಾರ್ಥಿ ಚಿತ್ರಗಳನ್ನು ನೋಡಿಯೇ ಇಲ್ಲ. ಗಡುವು ಹತ್ತಿರವಾದಾಗ ನಾಯಕನನ್ನು ಮಲಗಿಸಿ ಹಿಂದಿನ ಮೋಡವನ್ನಷ್ಟೇ ಸರಿಸುವುದು ಆ ಪಂಥದಲ್ಲಿ ಮಾನ್ಯವಾದ ಪದ್ಧತಿ. ಅದಕ್ಕೆ ಲೆಕ್ಕವೂ ಇದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನ ವೇಗದಲ್ಲಿ. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿಗೆ ಎಳೆದರೂ ನಿಮಿಷಕ್ಕೆ 720, ಐದು ನಿಮಿಷಕ್ಕೆ 3600 ಚಿತ್ರ ಬೇಕು. ಅಜ್ಜಿಯೊಬ್ಬಳು ಮದ್ದೂರು ವಡೆ ಮುರಿಯುವ ಎರಡು ಸೆಕೆಂಡಿಗೇ 24: ಹೆಬ್ಬೆರಳು ಒತ್ತಬೇಕು, ಅಂಚು ಬಿರಿಯಬೇಕು, ಈರುಳ್ಳಿಯ ಚೂರು ಉದುರಬೇಕು, ಅದು ಸೆರಗಿಗೆ ಬಿದ್ದದ್ದನ್ನು ಅಜ್ಜಿ ನೋಡಬೇಕು, ಯಾರೂ ನೋಡಲಿಲ್ಲವೆಂದು ಖಾತ್ರಿ ಮಾಡಿಕೊಂಡು ಎತ್ತಿ ಬಾಯಿಗೆ ಹಾಕಿಕೊಳ್ಳಬೇಕು. ಸಭಿಕರು ಇಷ್ಟನ್ನೂ ಮೊಬೈಲ್ ನೋಡುತ್ತಾ ತಪ್ಪಿಸಿಕೊಳ್ಳಬಲ್ಲರು.

ಎರಡನೆಯದು ವಿದ್ಯುತ್ಪ್ರಮಾಣ, ಪ್ರಬಂಧ ನಿಂತಿರುವುದೇ ಇದರ ಮೇಲೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿದೀಪವಾಯಿತು. ಆ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 25. ಸಿನಿಮಾಕ್ಕೆ ಬೇಕಾದದ್ದು 24. ಮಿಕ್ಕ ಒಂದು ಉದ್ಘಾಟನಾ ಭಾಷಣಕ್ಕೆ ಮೀಸಲೆಂದು ವಿದ್ವಾಂಸರು ಊಹಿಸಬಹುದು. ಅದಿರಲಿ, ಇದರಿಂದ ಹೊರಡುವ ನಿಯಮ ಗಂಭೀರವಾದದ್ದು: ನೀರು ಬೀಳುವುದು ಇಲ್ಲಿ, ದೀಪ ಹತ್ತುವುದು ಇನ್ನೆಲ್ಲೋ. ನಮ್ಮ ಅನಿಮೇಷನ್‌ಗೂ ಇದೇ ನಿಯಮ. ಕರ್ನಾಟಕ 2012ರಲ್ಲೇ ಈ ಉದ್ಯಮಕ್ಕೊಂದು ನೀತಿ ರೂಪಿಸಿತು. 2016ರ ಹಾಲಿವುಡ್ಡಿನ ಜಂಗಲ್ ಬುಕ್ ಪ್ರಾಣಿಗಳಿಗೆ ಜೀವ ಬಂದದ್ದರಲ್ಲಿ ಬೆಂಗಳೂರಿನ ಕೈಗಳ ಪಾಲಿತ್ತು. ಕತೆ ಅವರದು, ಕಾಡು ನಮ್ಮದು, ದುಡಿಮೆಯೂ ನಮ್ಮದು. ಹೆಸರು ಮಾತ್ರ ಪ್ರೇಕ್ಷಕ ಚಪ್ಪಲಿ ಹುಡುಕುವಾಗ ತೆರೆಯ ಮೇಲೆ ಸರ್ರನೆ ಹರಿದುಹೋಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಪರರ ಸಿಂಹಕ್ಕೆ ರೋಮ ಜೋಡಿಸಲಿರುವ ಹುಡುಗಿ ತನ್ನ ಅಜ್ಜಿಯನ್ನೇ ನಾಯಕಿ ಮಾಡುವ ಅವಕಾಶ ಕಾಲೇಜಿನ ಆ ಒಂದು ಚಿತ್ರದಲ್ಲಿ ಮಾತ್ರ. ಉತ್ಪತ್ತಿಸ್ಥಾನದಲ್ಲೇ ಉರಿಯುವ ದೀಪ ಅದೊಂದೇ ಆದ್ದರಿಂದ, ಅದನ್ನು ಉತ್ಪತ್ತಿಸ್ಥಾನದಲ್ಲೇ ತೋರಿಸತಕ್ಕದ್ದು.

ಇನ್ನು ಪೂರ್ವಪಕ್ಷಗಳು. ಜಲಪಾತದ ಭೋರ್ಗರೆತದಲ್ಲಿ ಸಂಭಾಷಣೆ ಕೇಳಿಸದು ಎಂಬುದು ಮೊದಲನೆಯದು. ಬಹಳಷ್ಟು ವಿದ್ಯಾರ್ಥಿ ಚಿತ್ರಗಳಲ್ಲಿ ಸಂಭಾಷಣೆಯೇ ಇರುವುದಿಲ್ಲ. ಕೇಳಿಸದೆ ಹೋಗುವುದು ಭಾಷಣ ಮಾತ್ರ, ಅದು ಲಾಭದ ಬಾಬತ್ತು. ಮಕ್ಕಳ ಅಭ್ಯಾಸದ ಕೆಲಸಕ್ಕೆ ಇಷ್ಟು ಆಡಂಬರವೇಕೆ ಎಂಬುದು ಎರಡನೆಯದು. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದದ್ದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಹದಿನಾರು ನಿಮಿಷದ ಕನ್ನಡ ಚಿತ್ರ, ಕೋಳಿ ಕದ್ದ ಮುದುಕಿಯ ಜನಪದ ಕತೆ. ಮೂರನೆಯ ಬಹುಮಾನ ಮಾನ್ಸಿ ಮಹೇಶ್ವರಿ ಅವರ ಅನಿಮೇಷನ್‌ಗೆ ಹೋಯಿತು. ಅಭ್ಯಾಸವೇ ಹೀಗಿದ್ದರೆ ಪರೀಕ್ಷೆಗೆ ಹೆದರಬೇಕಾದವರು ಹಿರಿಯರು. ಕಾರ್ಯಕ್ರಮದಲ್ಲಿ ಸಮಯವಿಲ್ಲ ಎಂಬುದು ಮೂರನೆಯದು, ಇದೇ ಗಟ್ಟಿಯಾದದ್ದು. ಉತ್ಸವದ ನಿಮಿಷಗಳು ಕಾವೇರಿ ನೀರಿದ್ದಂತೆ: ಸಚಿವರು, ಶಾಸಕರು, ತಾರೆಯರು ತುಂಬಿದ ಮೇಲೆ ಕೋಡಿ ಬಿದ್ದದ್ದಷ್ಟೇ ವಿದ್ಯಾರ್ಥಿಗಳ ಪಾಲು. ನೀರಿಗಾದರೂ ನ್ಯಾಯಮಂಡಳಿ 2007ರಲ್ಲಿ ನಮಗೆ 270 ಟಿಎಂಸಿ ಎಂದು ಬರೆದುಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟ್ 14.75 ಸೇರಿಸಿತು. ನಿಮಿಷಗಳಿಗೂ ಅಂಥ ತೀರ್ಪು ಬೇಕು, ಮಾತು ಹೆಚ್ಚಾದ ವರ್ಷಗಳಿಗೊಂದು ಸಂಕಷ್ಟ ಸೂತ್ರವೂ ಬೇಕು.

ಆದ್ದರಿಂದ ಗಗನಚುಕ್ಕಿಯ ಜಲಪಾತೋತ್ಸವ ನಡೆಸುವವರಲ್ಲಿ ಪ್ರಬಂಧಕಾರರ ವಿನಂತಿ ಇಷ್ಟೇ. ಜಲಪಾತಕ್ಕೆ ಬಣ್ಣದ ದೀಪ ಬಿಡುವ ಸಂಜೆಗಳಲ್ಲಿ ಒಂದನ್ನು ಈ ಹುಡುಗ ಹುಡುಗಿಯರಿಗೆ ಕೊಡಿ: ಒಂದು ತೆರೆ, ಹತ್ತು ಚಿತ್ರ, ಭಾಷಣ ಬೇಡ. ಪ್ರತಿ ಚಿತ್ರದ ಕೊನೆಗೆ ಹೆಸರುಗಳು ಪೂರ್ತಿ ಹರಿದು ಮುಗಿಯುವ ತನಕ ದೀಪ ಹಾಕಬೇಡಿ, ಮುಂದಿನ ಸಾಲಿನ ಸೋಫಾದವರನ್ನೂ ಏಳಗೊಡಬೇಡಿ.