ಕೊಪನ್‌ಹೇಗನ್ ಸುತ್ತಿ ನೂಕ್‌ಗೆ

ಕೆನಡಾದ ಇಕಾಲುಯಿಟ್‌ನಿಂದ ಗ್ರೀನ್‌ಲ್ಯಾಂಡಿನ ನೂಕ್‌ಗೆ ಸುಮಾರು 820 ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗೆ ಹಾರಿದಷ್ಟು ದೂರ. ನಡುವೆ ಡೇವಿಸ್ ಜಲಸಂಧಿ. ಪುಟ್ಟ ವಿಮಾನಕ್ಕೂ ಎರಡು ಗಂಟೆಯೊಳಗಿನ ಕೆಲಸ. ಇದು ಭೂಗೋಳದ ಲೆಕ್ಕ. ಪಾಪ, ಭೂಗೋಳಕ್ಕೆ ಟಿಕೆಟ್ ಮಾರಿ ಗೊತ್ತಿಲ್ಲ.

ಟಿಕೆಟ್ ಮಾರುವವರ ಲೆಕ್ಕವೇ ಬೇರೆ. ಈ ಎರಡೂರುಗಳ ನಡುವೆ 2012ರಲ್ಲಿ ಶುರುವಾದ ನೇರ ವಿಮಾನ ಕೆಲವೇ ಬೇಸಿಗೆಗಳಲ್ಲಿ ನಿಂತುಹೋಯಿತು. ರಸ್ತೆಯ ಮಾತು ಬೇಡ. ಎರಡೂರಿನ ರಸ್ತೆಗಳೂ ಊರಾಚೆ ಮುಗಿದುಹೋಗುತ್ತವೆ. ಹಾಗಾಗಿ ಪೂರ್ವದ ನೆರೆಮನೆಗೆ ಹೊರಟವರು ಮೊದಲು ದಕ್ಷಿಣಕ್ಕೆ 2,100 ಕಿಲೋಮೀಟರ್ ಹಾರಿ ರಾಜಧಾನಿ ಒಟ್ಟಾವಾದಲ್ಲಿ ಇಳಿಯಬೇಕಿತ್ತು. ಅಲ್ಲಿಂದ ವಿಮಾನ ಬದಲಿಸುತ್ತಾ ಅಟ್ಲಾಂಟಿಕ್ ದಾಟಿದರೆ, ಸಾಮಾನ್ಯವಾಗಿ, ಗ್ರೀನ್‌ಲ್ಯಾಂಡ್ ಸೇರಿರುವ ಡೆನ್ಮಾರ್ಕಿನ ರಾಜಧಾನಿ ಕೊಪನ್‌ಹೇಗನ್. ಅದೇ ಅಟ್ಲಾಂಟಿಕ್ಕನ್ನು ಮತ್ತೆ ಹಿಂದಕ್ಕೆ ದಾಟಿದರೆ ನೂಕ್. ಗೆರೆ ಎಳೆದು ಅಳೆದರೂ 11,500 ಕಿಲೋಮೀಟರಿಗೆ ಕಡಿಮೆಯಿಲ್ಲ. ಕೊಂಕಣ ಸುತ್ತಿ ಮೈಲಾರಕ್ಕೆ ಹೋದವನನ್ನು ನಾವು ಸುಮ್ಮನೆ ಆಡಿಕೊಂಡೆವು. ಇವರೆದುರು ಅವನು ಅಡ್ಡದಾರಿ ಹಿಡಿದ ಜಾಣ.

ಎರಡೂ ದಡಗಳ ಮೂಲನಿವಾಸಿಗಳು ಇನ್ಯೂಟ್ ಜನ, ಒಂದೇ ಬಳ್ಳಿಯ ಬಂಧುಗಳು. 19ನೇ ಶತಮಾನದಲ್ಲಿ ಕಿಟ್ಲಾರ್ಸುವಾಕ್ ಎಂಬ, ಇಕಾಲುಯಿಟ್ ಇರುವ ಬ್ಯಾಫಿನ್ ದ್ವೀಪದ ಇನ್ಯೂಟ್ ಮುಖಂಡ ತನ್ನವರನ್ನು ಕಟ್ಟಿಕೊಂಡು, ನಾಯಿಗಾಡಿಯಲ್ಲಿ, ಬಡಗಣ ಹಿಮದ ಮೇಲೆಯೇ ಗ್ರೀನ್‌ಲ್ಯಾಂಡಿಗೆ ದಾಟಿದ್ದ. ವರ್ಷಗಳೇ ಹಿಡಿದವು, ಒಪ್ಪೋಣ. ಆದರೆ ದಾರಿಯಲ್ಲಿ ಯಾರ ರಾಜಧಾನಿಗೂ ಮುಖ ತೋರಿಸಬೇಕಾಗಿರಲಿಲ್ಲ.

ರನ್‌ವೇ ಇಲ್ಲವೇ ಎನ್ನಬೇಡಿ. ಇಕಾಲುಯಿಟ್‌ನಲ್ಲಿ ಯುದ್ಧಕಾಲದಲ್ಲಿ ಅಮೆರಿಕನ್ನರು ಹಾಕಿಕೊಟ್ಟ ವಿಮಾನ ನಿಲ್ದಾಣವಿದೆ. 2006ರಲ್ಲಿ ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನ ಏರ್‌ಬಸ್ ಎ380, ತನಗೆ ಚಳಿ ತಡೆಯುತ್ತದೋ ಇಲ್ಲವೋ ಎಂದು ನೋಡಿಕೊಳ್ಳಲು ಇಲ್ಲಿಗೇ ಬಂದಿತ್ತು. ಚಳಿ ನೋಡಲು ವಿಮಾನ ಬರಬಹುದು, ಆಚೆ ದಡದ ಚಿಕ್ಕಮ್ಮನನ್ನು ನೋಡಲು ಜನ ಹೋಗಬಾರದು. ನೂಕ್ ಕೂಡ 2024ರ ನವೆಂಬರಿನಲ್ಲಿ 2,200 ಮೀಟರ್ ಉದ್ದದ ಹೊಸ ರನ್‌ವೇ ತೆರೆಯಿತು. ಪರಿಣಾಮ: ಕೊಪನ್‌ಹೇಗನ್ನಿನ ದೊಡ್ಡ ವಿಮಾನ ನೇರ ಬಂದಿಳಿಯಿತು. 2025ರ ಬೇಸಿಗೆಗೆ ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ನಿಂದಲೂ ವಿಮಾನ ಬಂತು. ಹಿಮಗಡ್ಡೆಯ ಫೋಟೋ ಬೇಕಾದವರಿಗೆ ಆರ್ಕ್‌ಟಿಕ್ ಎಷ್ಟು ಹತ್ತಿರ ನೋಡಿ!

ಎರಡು ಸರ್ಕಾರಗಳಿಗೆ ಪರಸ್ಪರ ಆಸಕ್ತಿಯಿಲ್ಲ ಎಂದರೆ ತಪ್ಪಾದೀತು. ಹಾನ್ಸ್ ದ್ವೀಪ ಎಂಬ, ನರಪಿಳ್ಳೆಯೂ ವಾಸಿಸದ ಒಂದು ಚದರ ಕಿಲೋಮೀಟರು ಚಿಲ್ಲರೆ ಬಂಡೆಗಾಗಿ ಕೆನಡಾ ಮತ್ತು ಡೆನ್ಮಾರ್ಕ್ ದಶಕಗಟ್ಟಲೆ ಕಿತ್ತಾಡಿದವು. 1984ರಿಂದ ಒಬ್ಬರು ಬಾವುಟ ನೆಟ್ಟು ವಿಸ್ಕಿ ಇಟ್ಟುಬರುವುದು, ಇನ್ನೊಬ್ಬರು ಹೋಗಿ ಸ್ನಾಪ್ಸ್ ಬಾಟಲಿ ಇಡುವುದು. ಕೊನೆಗೆ 2022ರಲ್ಲಿ ಅಣ್ಣತಮ್ಮಂದಿರ ಹಾಗೆ ಬಂಡೆಯನ್ನು ಪಾಲು ಮಾಡಿಕೊಂಡು, ನೆಲದ ಗಡಿಯನ್ನೇ ಹುಟ್ಟಿಸಿಕೊಂಡರು. ಜನರಿಲ್ಲದಲ್ಲಿಗೆ ಬಾಟಲಿ ತಲುಪಿಸುವ ವ್ಯವಸ್ಥೆ ಆಗಲೇ ಅಷ್ಟು ಚೊಕ್ಕಟವಾಗಿತ್ತು!

2024ರ ಬೇಸಿಗೆಯಲ್ಲಿ ಇಕಾಲುಯಿಟ್ ಮತ್ತು ನೂಕ್ ನಡುವಿನ ನೇರ ವಿಮಾನ ಮತ್ತೆ ಶುರುವಾಯಿತು. ವಾರಕ್ಕೊಂದು, ಬೇಸಿಗೆಯ ಕಾಲದಲ್ಲಿ ಮಾತ್ರ. ಎರಡೂ ದಡದ ಇನ್ಯೂಟ್ ಬಂಧುಗಳು ಇದನ್ನು ಗಮನದಲ್ಲಿಟ್ಟುಕೊಂಡು ಮದುವೆ, ಹೆರಿಗೆ, ಕಾಯಿಲೆ ಮತ್ತು ಮರಣಗಳನ್ನು ಬೇಸಿಗೆಯಲ್ಲೇ, ಅದೂ ವಿಮಾನವಿರುವ ದಿನಕ್ಕೆ ಹೊಂದುವಂತೆ, ಇಟ್ಟುಕೊಳ್ಳತಕ್ಕದ್ದು.