ಟೋನ್‌ಖರೀದಿ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ವಿಷಯ: ಕೀಬೋರ್ಡಿನೊಳಗೆ ಕಾರ್ಖಾನೆಯಿಂದಲೇ ಬಂದ ಟೋನುಗಳು ಸಾಲದೆ, ದುಡ್ಡು ಕೊಟ್ಟು ಇನ್ನಷ್ಟು ಟೋನ್ ಹಾಕಿಸಬೇಕೇ, ಬೇಡವೇ ಎಂಬುದು. ಪ್ರಯೋಜನ: ದುಡ್ಡು ಉಳಿಯುವುದು, ಅದು ಆಗಲೇ ಹೋಗಿದ್ದರೆ ಹೋದದ್ದಕ್ಕೊಂದು ಶಾಸ್ತ್ರಾಧಾರ ಸಿಗುವುದು. ಸಂಬಂಧ: ಕೀಬೋರ್ಡಿಗೂ ಪೆನ್‌ಡ್ರೈವಿಗೂ ಇರುವಂಥದ್ದು. ಅಧಿಕಾರಿ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಭಜನೆಗೋ ನಾಟಕಕ್ಕೋ ಮದುವೆಯ ರಿಸೆಪ್ಶನ್ನಿಗೋ ಒಮ್ಮೆಯಾದರೂ ಕೀಬೋರ್ಡ್ ಹೊತ್ತು ಬಸ್ಸು ಹತ್ತಿದವನು. ಹೊರದವನು ಮುಂದಿನದನ್ನು ಓದಬಹುದು. ಅಭಿಪ್ರಾಯ ಹೇಳುವ ಹಾಗಿಲ್ಲ.

ಈಗ ಪೂರ್ವಪಕ್ಷ. ಕೊಳ್ಳಬೇಕೆನ್ನುವವರ ವಾದ ದುರ್ಬಲವಲ್ಲ. 1983ರಲ್ಲಿ ಮಿಡಿ ಎಂಬ ಒಪ್ಪಂದ ಬಂದು, ಒಂದು ಕಂಪನಿಯ ವಾದ್ಯಕ್ಕೆ ಇನ್ನೊಂದು ಕಂಪನಿಯ ವಾದ್ಯದ ಭಾಷೆ ತಿಳಿಯುವಂತಾಯಿತು. 1991ರಲ್ಲಿ ಜನರಲ್ ಮಿಡಿ ಎಂಬ ಪಟ್ಟಿ ಹೊರಟಿತು. ಒಟ್ಟು 128 ಸ್ಥಾನ, ಯಾವ ನಂಬರಿಗೆ ಯಾವ ಟೋನ್ ಎಂಬುದು ನಿಗದಿ. ಈ ಮೂಲಪಾಠವನ್ನು ನಮ್ಮ ಸೀಮೆಯ ವಿದ್ವಾಂಸರು ಇನ್ನೂ ಕೈಗೆತ್ತಿಕೊಳ್ಳದಿರುವುದು ಖೇದದ ಸಂಗತಿ. 105ರಲ್ಲಿ ಸಿತಾರ್ ಇದೆ, 112ರಲ್ಲಿ ಶಹನಾಯಿ ಇದೆ. ವೀಣೆ ಇಲ್ಲ, ಹಾರ್ಮೋನಿಯಂ ಇಲ್ಲ. ತಬಲಾ, ಮೃದಂಗಗಳಿಗೆ ತಾಳವಾದ್ಯಗಳ ಪ್ರತ್ಯೇಕ ಪಟ್ಟಿಯಲ್ಲೂ ಜಾಗ ಸಿಕ್ಕಿಲ್ಲ. ಬೊಂಗೋ ಕೊಂಗಾಗಳಿಗೆ ಸಿಕ್ಕಿದೆ. ಹಾಗಾದರೆ ಜಾಗದ ಕೊರತೆಯಿತ್ತೇ? 125 ಟೆಲಿಫೋನ್ ಗಂಟೆ, 126 ಹೆಲಿಕಾಪ್ಟರ್, 127 ಚಪ್ಪಾಳೆ, 128 ಗುಂಡಿನ ಸದ್ದು. ಇವುಗಳಲ್ಲಿ ಹೆಲಿಕಾಪ್ಟರಿನ ವಿನಿಯೋಗ ಏಕಾದಶಿ ಭಜನೆಯಲ್ಲಿ ಎಲ್ಲಿ ಎಂಬುದು ತಿಳಿಯುವುದಿಲ್ಲ. ಚಪ್ಪಾಳೆ ಮಾತ್ರ ಉಪಯುಕ್ತ, ಸಭೆಯವರು ಹೊಡೆಯದಿದ್ದಾಗ. ಇನ್ನು 97ನೆಯದರ ಹೆಸರು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಂಚಿನ ಮೇಲೆ ಪುಕ್ಕಟೆ ಬೀಳುವುದನ್ನು ಕೀಬೋರ್ಡಿನಲ್ಲಿ ತುಂಬಿ ಶಿರಸಿಗೆ ಕಳಿಸಿದ್ದಾರೆ; ಒತ್ತಿದರೆ ಮಳೆ ಕೇಳುವುದೂ ಇಲ್ಲ.

ಇಂಥ ಪಟ್ಟಿಯನ್ನು ನೋಡಿದ ಯಾವ ಸ್ವಾಭಿಮಾನಿಗೂ ನಮ್ಮ ವಾದ್ಯಗಳನ್ನು ಬೇರೆ ತರಿಸೋಣ ಅನ್ನಿಸುವುದು ಸಹಜ. ಈಚೆಗೆ ನಮ್ಮ ದೇಶಕ್ಕೆಂದೇ ಮಾಡಿದ ಕೀಬೋರ್ಡುಗಳಲ್ಲಿ ತಬಲಾ, ಢೋಲಕ್, ತಂಬೂರಿ ಮೊದಲೇ ಇರುತ್ತವೆ. ಆದರೆ ಇದ್ದದ್ದು ಸಾಕೆಂದ ಕೀಬೋರ್ಡ್ ವಾದಕ ಇನ್ನೂ ಹುಟ್ಟಿಲ್ಲವಾದ್ದರಿಂದ ಗ್ರಂಥ ಮುಂದುವರಿಯುತ್ತದೆ.

ಈ ವಿಷಯದಲ್ಲಿ ಮೂರು ಪಂಥಗಳಿವೆ. ಒಂದನೆಯದು ಖರೀದಿ ಪಂಥ. ಎರಡನೆಯದು ಹಾರ್ಮೋನಿಯಂ ಪಂಥ. ಇದರ ಪ್ರಕಾರ ಕೀಬೋರ್ಡೇ ಹೆಚ್ಚುವರಿ, ಅದಕ್ಕೆ ಮತ್ತೆ ಹೆಚ್ಚುವರಿ ಯಾಕೆ? ಮೂರನೆಯದು ಎರವಲು ಪಂಥ: ಒಬ್ಬ ಹುಬ್ಬಳ್ಳಿಯಲ್ಲಿ ಕೊಳ್ಳುವುದು, ಉಳಿದವರೆಲ್ಲ ಅವನ ಪೆನ್‌ಡ್ರೈವಿನಿಂದ ಇಳಿಸಿಕೊಳ್ಳುವುದು. ಈ ಪಂಥ ಯಲ್ಲಾಪುರದ್ದೆಂದು ಶಿರಸಿಯವರೂ, ಶಿರಸಿಯದ್ದೆಂದು ಯಲ್ಲಾಪುರದವರೂ, ಎರಡೂ ಕಡೆಯದ್ದೆಂದು ಸಿದ್ದಾಪುರದವರೂ ಹೇಳುವುದರಿಂದ ಕರ್ತೃತ್ವ ನಿರ್ಣಯವಾಗಿಲ್ಲ. ಕಾನೂನು ಇದನ್ನು ಒಪ್ಪುವುದಿಲ್ಲ. ನಾವೂ ಒಪ್ಪದೆ ಮುಂದೆ ಹೋಗೋಣ.

ಪ್ರಮಾಣಗಳ ವಿಚಾರ. ಪ್ರತ್ಯಕ್ಷ ಇಲ್ಲಿ ನಂಬಲರ್ಹವಲ್ಲ. ಅಂಗಡಿಯ ಎಸಿ ಕೋಣೆಯಲ್ಲಿ ಒಳ್ಳೆಯ ಸ್ಪೀಕರಿನಲ್ಲಿ ಕೇಳಿದ ಸಾರಂಗಿ, ಊರ ಚಪ್ಪರದಲ್ಲಿ ಕಂಬಕ್ಕೆ ಕಟ್ಟಿದ ಗಂಟಲು ಹರಿದ ಹಾರ್ನಿನಿಂದ ಬಂದಾಗ ಅದನ್ನು ಸಾರಂಗಿಯೆಂದು ಗುರುತಿಸುವುದು ನುಡಿಸಿದವನಿಗೂ ಕಷ್ಟ. ಅನುಮಾನ: ಪಕ್ಕದೂರಿನವನು ಟೋನ್ ಹಾಕಿಸಿದ್ದಾನೆ, ಅವನಿಗೆ ಕಾರ್ಯಕ್ರಮಗಳು ಜಾಸ್ತಿ, ಆದ್ದರಿಂದ ಟೋನೇ ಕಾರಣ. ಇದರಲ್ಲಿ ಹೇತ್ವಾಭಾಸವಿದೆ, ಅವನ ಬಳಿ ಓಮ್ನಿಯೂ ಇದೆ. ಉಳಿದದ್ದು ಆಪ್ತವಾಕ್ಯ. ಮಾರುವವನ ಮಾತು ಆಪ್ತವಾಕ್ಯವಾಗದು, ಅದರಲ್ಲಿ ಅವನ ಲಾಭವಿದೆ. ಆಯಿಯ ಮಾತು ಆಗುತ್ತದೆ. ಆಯಿಯ ಮಾತು ಹೀಗಿದೆ: “ಮಾಣಿ, ಇಪ್ಪದ್ರಲ್ಲೇ ಅರ್ಧ ನೀನು ಮುಟ್ಟಿದ್ದೇ ಇಲ್ಲೆ.” ವ್ಯಾಖ್ಯಾನಕಾರರು “ಅರ್ಧ” ಎಂಬುದನ್ನು ತಾಯಿಯ ವಾತ್ಸಲ್ಯವೆಂದು ತಿಳಿಯಬೇಕು. ನೂರಾರು ಟೋನಿನ ಕೀಬೋರ್ಡಿನಲ್ಲಿ ಪಿಯಾನೋ, ಸ್ಟ್ರಿಂಗ್ಸ್, ಕೊಳಲುಗಳನ್ನು ದಾಟಿದ ಕೈಗಳು ವಿರಳ.

ಖರೀದಿ ಪಂಥದ ದೊಡ್ಡ ಆಸೆ ಚಂಡೆ. ಮಾರಾಟದ ಟೋನ್ ಪ್ಯಾಕಿನ ಪಟ್ಟಿಯಲ್ಲಿ ಚೆಂಡ ಎಂದು ಕಂಡ ಕೂಡಲೇ ಅರ್ಧ ದುಡ್ಡು ಮನಸ್ಸಿನಲ್ಲೇ ಸಂದಾಯವಾಗಿರುತ್ತದೆ. ಮನೆಗೆ ತಂದು ಒತ್ತಿದರೆ ಸಾಮಾನ್ಯವಾಗಿ ಹೊರಡುವುದು ಕೇರಳದ ಚೆಂಡೆ: ಹಿರಿದು, ಗಂಭೀರ, ದೇವಸ್ಥಾನದ ಮೇಳಕ್ಕೆ ತಕ್ಕದ್ದು. ನಮ್ಮ ಬಡಗುತಿಟ್ಟಿನ ಯಕ್ಷಗಾನದ ಚಂಡೆ ಅದಕ್ಕಿಂತ ಚಿಕ್ಕದು, ಅದರ ನಾದ ತೆಳು ಮತ್ತು ಚುರುಕು. ಭಾಗವತರ ಶ್ರುತಿಗೆ ಹೊಂದಿಸಿಕೊಂಡು, ವೇಷಧಾರಿಯ ಹೆಜ್ಜೆ ನೋಡುತ್ತ ಬಾರಿಸುವಂಥದ್ದು. ಹೆಜ್ಜೆ ನೋಡುವ ಟೋನ್ ಯಾವ ಪ್ಯಾಕಿನಲ್ಲೂ ಇಲ್ಲ. ಅದಿರಲಿ, ಪೆಟ್ಟಿನ ಬಲವನ್ನು ಮಿಡಿ 1ರಿಂದ 127ರ ಒಳಗೆ ಅಳೆಯುತ್ತದೆ. ರಾತ್ರಿಯಿಡೀ ನಡೆವ ಆಟದಲ್ಲಿ ಬಣ್ಣದ ವೇಷದ ಪ್ರವೇಶಕ್ಕೆ ಬೀಳುವ ಪೆಟ್ಟಿಗೆ 127ನ್ನು ಕೊಟ್ಟುಬಿಟ್ಟರೆ, ಮುಂದೆ ಮೈಕಿನವನು ನಿದ್ದೆ ಮಾಡಿದ್ದನ್ನು ಕಂಡು ಬೀಳುವ ಪೆಟ್ಟಿಗೆ ಏನು ಕೊಡುವುದು?

ಈ ಪ್ಯಾಕುಗಳ ಇನ್ನೊಂದು ದೋಷ ವರ್ಗೀಕರಣದ್ದು. ಅಡಿಕೆಯನ್ನು ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು ಎಂದು ಕೈಗೆ ತಾಗಿದರೆ ಹೇಳುವ ಜನ ನಾವು. ನಮ್ಮ ಮುಂದೆ ಮದ್ದಲೆ, ತಮಟೆ, ಡೊಳ್ಳು ಎಲ್ಲವನ್ನೂ ‘ಇಂಡಿಯನ್ ಪರ್ಕಶನ್’ ಎಂಬ ಒಂದೇ ಚೀಲಕ್ಕೆ ಸುರಿದು ಇಡುತ್ತಾರೆ. ಸೊಸೈಟಿಯ ಟೆಂಡರಿನಲ್ಲಿ ಹೀಗೆ ಮಾಡಿದರೆ ಚೀಲ ವಾಪಸು ಬರುತ್ತದೆ. ಯಲ್ಲಾಪುರದ ಕಡೆಯ ಸಿದ್ದಿಯರ ಡಮಾಮಿಯಂತೂ ನಾನು ನೋಡಿದ ಯಾವ ಪಟ್ಟಿಯಲ್ಲೂ ಇಲ್ಲ.

ಕಾಲದ ವಿಚಾರವನ್ನೂ ಬಿಡುವಂತಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಆಯಿತು, 2024ರಲ್ಲಿ ಆಯಿತು. ಜಾತ್ರೆ ಇಲ್ಲದ ವರ್ಷ ಹೋಳಿಯಲ್ಲಿ ಬೇಡರ ವೇಷ. ಜಾತ್ರೆಗೆ ಕಂಪನಿ ನಾಟಕದವರು ಟೆಂಟು ಹಾಕುವುದರಿಂದ ಆ ವರ್ಷ ಗುಡುಗು, ಮಿಂಚು, ಖಳನಾಯಕನ ನಗುವಿಗೆ ಬೇಡಿಕೆ. ಮರುವರ್ಷ ತಮಟೆ. ಆದರೆ ಬೇಡರ ವೇಷದವನು ಬೀದಿಬೀದಿ ಕುಣಿದು ಓಡುವಾಗ ತಮಟೆಯವರೂ ಜತೆಯಲ್ಲಿ ಓಡಬೇಕು. ಪ್ಲಗ್ ಸಿಕ್ಕಿಸಿದ ಕೀಬೋರ್ಡ್ ಎಷ್ಟು ದೂರ ಓಡೀತು ಎಂಬುದನ್ನು ವೈರಿನ ಉದ್ದ ನಿರ್ಣಯಿಸುತ್ತದೆ.

ಹಾರ್ಮೋನಿಯಂ ಪಂಥದವರು ಇಲ್ಲಿ ನಗುವುದು ಬೇಡ. ಅವರ ಪೆಟ್ಟಿಗೆಯೂ ಹೊರಗಿನಿಂದಲೇ ಬಂದದ್ದು. ಗಮಕ ನುಡಿಯದೆಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತ್ತು. ನಿಷೇಧ ಸಡಿಲಾಗಲು 1971 ಬರಬೇಕಾಯಿತು. ಇನ್ನು ಖರೀದಿ ಪಂಥದವರು ಪ್ಯಾಕಿನ ಗಿಗಾಬೈಟ್ ತೋರಿಸಿ ಹೆದರಿಸುವುದೂ ಬೇಡ. 1988ರ ಕೊರ್ಗ್ ಎಂ1 ಕೀಬೋರ್ಡ್ ತನ್ನ ಎಲ್ಲ ನಾದವನ್ನೂ 4 ಮೆಗಾಬೈಟಿನಲ್ಲಿ ಅಡಗಿಸಿಕೊಂಡಿತ್ತು. ಸಿಡಿಯ ಗುಣಮಟ್ಟದಲ್ಲಿ ಸ್ಟೀರಿಯೋ ಮುದ್ರಿಸಿದರೆ ಅಷ್ಟು ಜಾಗ 24 ಸೆಕೆಂಡಿಗೆ ತುಂಬಿಹೋಗುತ್ತದೆ. ಅಷ್ಟರಲ್ಲೇ ಅದು ಲೋಕವನ್ನು ವರ್ಷಗಟ್ಟಲೆ ಕುಣಿಸಿತು.

ಈಗ ಸಿದ್ಧಾಂತ. ಕರೆದರೆ ಬರುವ ವಾದಕನಿರುವ ವಾದ್ಯದ ಟೋನನ್ನು ಕೊಳ್ಳಬಾರದು. ಕರೆಯಲು ಯಾರೂ ಇಲ್ಲದ ವಾದ್ಯದ್ದನ್ನು ಕೊಳ್ಳಬಹುದು. ಈ ಸೂತ್ರವನ್ನು ಹಚ್ಚಿ ನೋಡೋಣ. ಚಂಡೆ, ಮದ್ದಲೆ, ತಬಲಾ, ಹಾರ್ಮೋನಿಯಂ, ಡೊಳ್ಳು, ತಮಟೆ, ಪಂಚವಾದ್ಯ: ಎಲ್ಲರೂ ಇದೇ ಮೂರು ತಾಲೂಕಿನಲ್ಲಿದ್ದಾರೆ, ಮೊಬೈಲ್ ಇಟ್ಟುಕೊಂಡಿದ್ದಾರೆ. ಇಪ್ಪತ್ತು ವಯೊಲಿನ್ ಒಟ್ಟಿಗೆ, ಚರ್ಚಿನ ದೊಡ್ಡ ಆರ್ಗನ್, ಟ್ರಂಪೆಟ್ಟುಗಳ ಸಾಲು, ಉದ್ದನೆಯ ಪಿಯಾನೋ: ಇವರನ್ನು ಯಲ್ಲಾಪುರದ ಮದುವೆಗೆ ಕರೆಸುವುದಾಗದು, ಆದ್ದರಿಂದ ಇವನ್ನು ಕೊಳ್ಳಬಹುದು. ಆದರೆ ಇವೆಲ್ಲ ಕಾರ್ಖಾನೆಯಿಂದಲೇ ಬಂದಿವೆ. ಕೀಬೋರ್ಡಿನಲ್ಲಿ ಇಲ್ಲದ್ದು ಊರಿನಲ್ಲಿದೆ, ಊರಿನಲ್ಲಿ ಇಲ್ಲದ್ದು ಕೀಬೋರ್ಡಿನಲ್ಲಿದೆ. ಕೊಳ್ಳಲು ಉಳಿದದ್ದು ಸೊನ್ನೆ.

ಆದ್ದರಿಂದ ಅಧಿಕಾರಿಗಳಾದ ಓದುಗರಲ್ಲಿ ವಿನಂತಿ: ಆ ದುಡ್ಡಿನಲ್ಲಿ ಮಳೆಗಾಲದ ತೇವ ಒಳಹೋಗದ ಗಟ್ಟಿ ಚೀಲವೊಂದನ್ನು ಕೀಬೋರ್ಡಿಗೆ ಹೊಲಿಸಿ. ಮಿಕ್ಕಿದ್ದನ್ನು ಮದ್ದಲೆಯವರಿಗೆ ಮುಂಗಡವಾಗಿ ಕೊಟ್ಟು ತಾರೀಕು ಹಿಡಿದುಕೊಳ್ಳಿ. ಏಪ್ರಿಲ್ ಬಂದಮೇಲೆ ಅವರು ಸಿಗುವುದಿಲ್ಲ.